ಬೀರಮ್ಮನ ಮೂರು ಮಡಕೆ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಕುರುಚಲು ಗುಡ್ಡಗಳ ಸೀಮೆಯಲ್ಲಿ ಒಂದು ರಾಜ್ಯ ಇತ್ತು. ಆ ರಾಜ್ಯದ ಅಂಚಿನ ಹಟ್ಟಿಯಲ್ಲಿ ಬೀರಮ್ಮ ಅಂತ ಕಂಬಳಿ ನೇಯುವವಳೊಬ್ಬಳು ಇದ್ದಳು. ಮಾತು ಕಡಿಮೆ, ಕೆಲಸ ಜಾಸ್ತಿ. ನಿಮ್ಮ ಹಾಗಲ್ಲ.

ಅಲ್ಲಿಯ ಕಳ್ಳಿಬೇಲಿಗಳಲ್ಲಿ ಮುಳ್ಳಿಲಿಗಳು ಇದ್ದವು. ಮುಳ್ಳುಹಂದಿ ಅಲ್ಲಪ್ಪ, ಅದು ದೊಡ್ಡದು. ಇದು ಅಂಗೈಯಲ್ಲಿ ಕೂರುವಷ್ಟು. ಮೂತಿ ಚೂಪು, ಬೆನ್ನ ತುಂಬ ಮುಳ್ಳು. ಹಗಲೆಲ್ಲ ನಿದ್ದೆ, ಕತ್ತಲಾದ ಮೇಲೆ ಹುಳುಹುಪ್ಪಟೆಯ ಬೇಟೆ. ಹೆದರಿತೋ, ಮುದುರಿ ಉಂಡೆ ಆಗಿಬಿಡುತ್ತಿತ್ತು.

ಒಂದು ವರ್ಷ ಜನ ಹೊಲ ಅಗಲ ಮಾಡಲು ಬೇಲಿಗಳಿಗೆ ಬೆಂಕಿ ಇಟ್ಟರು. ಮುಳ್ಳಿಲಿಗಳು ಸುಟ್ಟ ಕಾಲಿನಲ್ಲಿ, ಖಾಲಿ ಹೊಟ್ಟೆಯಲ್ಲಿ ದಾರಿಗೆ ಬಂದು ಬಿದ್ದವು. ಎಲ್ಲರೂ ದಾಟಿಕೊಂಡು ಹೋದರು. ಬೀರಮ್ಮನಿಗೆ ಮಾತ್ರ ದಾಟಲು ಆಗಲಿಲ್ಲ. ಕಂಬಳಿಯಲ್ಲಿ ಎತ್ತಿಕೊಂಡು ಮನೆಗೆ ತಂದಳು.

ಮೊದಮೊದಲು ಅವಳಿಗೂ ಏನೂ ಗೊತ್ತಿರಲಿಲ್ಲ. ಹುತ್ತಕ್ಕೆ ಹಾಲೆರೆಯುವ ಊರು ನೋಡಿ, ಇವಕ್ಕೂ ಭಕ್ತಿಯಿಂದ ಹಾಲಿಟ್ಟಳು. ಹೊಟ್ಟೆ ಕೆಟ್ಟು ಎರಡು ಸತ್ತವು. ಬೀರಮ್ಮ ಹಣೆ ಚಚ್ಚಿಕೊಂಡು ಅತ್ತಳು. "ಅವು ಏನ್ ತಿಂತಾವೆ ಅಂತ ನೋಡ್ದೆ, ನಂಗೆ ತೋಚಿದ್ದು ಕೊಟ್ಟೆನಲ್ಲ" ಅಂದಳು. ಅವತ್ತಿನಿಂದ ಮೊದಲು ನೋಡುವುದು, ಆಮೇಲೆ ಮಾಡುವುದು.

ಕಂಬಳಿಯ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಬೇಕಲ್ಲ? ಆ ಗಂಜಿ ಬೇಯುವ ಒಲೆಯ ಪಕ್ಕ ಸದಾ ಬೆಚ್ಚಗಿರುತ್ತದೆ. ಅಲ್ಲಿ ಮಡಕೆಗಳನ್ನು ಸಾಲಾಗಿ ಇಟ್ಟು, ಒಳಗೆ ಹಳೇ ಕಂಬಳಿ ಹಾಸಿದಳು. ಮೊದಲು ಮೈ ಬೆಚ್ಚಗಾಗಬೇಕು. ಆಮೇಲೆ ನೀರು. ಆಮೇಲೆ ಗೆದ್ದಲು. ಹರಳೆಣ್ಣೆ ಹಚ್ಚಿದ ಬೆರಳಲ್ಲಿ, ಮುಳ್ಳಿನ ಸಂದಿಯಿಂದ ಉಣ್ಣೆಹುಳಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಬೆರಳೆಲ್ಲ ರಕ್ತ, ಬಾಯಲ್ಲಿ ಒಂದು ಬೈಗುಳ ಇಲ್ಲ. ಯಾವುದಕ್ಕೂ ಹೆಸರಿಡಲಿಲ್ಲ. "ಹೆಸರಿಟ್ರೆ ಬಿಡೋಕೆ ಮನಸು ಬರಲ್ಲ" ಅನ್ನುತ್ತಿದ್ದಳು. ಗುಣವಾದದ್ದನ್ನು ಸುಡದೆ ಉಳಿದ ಬೇಲಿಗೆ ಬಿಟ್ಟು ಬರುತ್ತಿದ್ದಳು. ಎಂಥಾ ಹೆಂಗಸು ನೋಡಿ! ನನಗಂತೂ ಅವಳ ಸುದ್ದಿ ಹೇಳುವಾಗೆಲ್ಲ ಎದೆ ತುಂಬಿ ಬರುತ್ತದೆ.

ಅದೇ ಹೊತ್ತಿಗೆ ಅರಮನೆಯಲ್ಲಿ ರಾಜನ ಪುಟ್ಟ ಮಗಳು ಹೊನ್ನಾಜಿಗೆ ಕೆಮ್ಮು ಹತ್ತಿತು. ಆಸ್ಥಾನದ ವೈದ್ಯ ಮುರಾರಿ ಪಂಡಿತ ಕಷಾಯ ಕುಡಿಸಿದ, ಕೆಮ್ಮು ಹೋಗಲಿಲ್ಲ. ಲೇಹ್ಯ ನೆಕ್ಕಿಸಿದ, ಹೋಗಲಿಲ್ಲ. ಬಾಗಿಲು ಕಿಟಕಿ ಮುಚ್ಚಿಸಿ ಹಗಲೂ ರಾತ್ರಿ ಧೂಪ ಹಾಕಿಸಿದ, ಕೆಮ್ಮು ಇನ್ನೂ ಜೋರಾಯಿತು. ಪಂಡಿತನಿಗೆ ಪದವಿಯ ಚಿಂತೆ ಹತ್ತಿತು. ಸಿಗಲಾರದ ಔಷಧಿ ಹೇಳಿದರೆ ತಪ್ಪು ತನ್ನ ಮೇಲೆ ಬರುವುದಿಲ್ಲ ಅಂದುಕೊಂಡು, "ಮಹಾಪ್ರಭು, ಮೂವತ್ತು ಮುಳ್ಳಿಲಿ ಸುಟ್ಟು, ಆ ಬೂದಿ ಜೇನಲ್ಲಿ ಕೊಡಬೇಕು" ಅಂದ.

ಬೀರಮ್ಮನ ಮನೆಯಲ್ಲಿ ಸರಿಯಾಗಿ ಮೂವತ್ತು ಇದ್ದವು! ಆ ಸುದ್ದಿ ರಾಜನ ಕಿವಿಗೂ ಬಿತ್ತು, ಪಂಡಿತ ತರಿಸಲೇಬೇಕಾಯಿತು.

ಮೊದಲನೇ ಸಲ ಪಂಡಿತ ಆಳನ್ನು ಕಳಿಸಿದ. ಬೀರಮ್ಮ ಅಂದಳು, "ಇವು ಕಾಯಿಲೆ ಬಿದ್ದವು ಕಣಣ್ಣ. ಕಾಯಿಲೆ ಪ್ರಾಣಿ ಸುಟ್ಟು ಮಗೂಗೆ ತಿನ್ನಿಸ್ತಾರಾ?" ಆಳು ವಾಪಸ್ಸು ಹೋದ.

ಎರಡನೇ ಸಲ ಪಂಡಿತನೇ ಬಂದ. "ಗುಣ ಆದವನ್ನ ಕೊಡು" ಅಂದ. "ಗುಣ ಆದವು ಬೇಲಿ ಸೇರಿದವು ಸ್ವಾಮಿ. ಹೋಗಿ ಕೇಳಿ, ಬಂದ್ರೆ ಕರ್ಕೊಂಡ್ ಹೋಗಿ" ಅಂದಳು ಬೀರಮ್ಮ. ಪಂಡಿತ ಹಲ್ಲು ಕಡಿಯುತ್ತಾ ಹೋದ.

ಮೂರನೇ ಸಲ ಮಟಮಟ ಮಧ್ಯಾಹ್ನ ರಾಜನೇ ಬಂದ, ಜೊತೆಗೆ ಪಂಡಿತ. ರಾಜನ ಕಣ್ಣು ಅತ್ತು ಕೆಂಪಾಗಿತ್ತು. "ನನ್ನ ಮಗಳು ದೊಡ್ಡವಳೋ, ನಿನ್ನ ಇಲಿ ದೊಡ್ಡದೋ?" ಅಂದ.

"ಮಗೂನೇ ದೊಡ್ಡದು ಬುದ್ಧಿ. ಅದಕ್ಕೇ ಒಂದು ಮಾತು ಕೇಳ್ತೀನಿ. ಇಲ್ಲಿ ಮೂರು ಮಡಕೆ ಐತೆ. ಯಾವುದು ಆರೋಗ್ಯವಾಗಿದೆ, ಯಾವುದು ಕಾಯಿಲೆದು ಅಂತ ಪಂಡಿತರು ಹೇಳ್ಲಿ. ಒಂದೇ ಒಂದು ಸರಿಯಾದ್ರೂ ಮೂವತ್ತನ್ನೂ ನಾನೇ ಹೊತ್ತು ತರ್ತೀನಿ."

ಪಂಡಿತ ನಕ್ಕ. ಮೊದಲನೇ ಮಡಕೆಯಲ್ಲಿ ಒಂದು ಮುಳ್ಳುಂಡೆ, ಅಲುಗಾಟವಿಲ್ಲ. "ಇದು ಸತ್ತೇ ಹೋಗಿದೆ" ಅಂದ. ಎರಡನೆಯದು ಮಡಕೆಯಿಂದ ಇಳಿದು ಬಿಸಿಲಲ್ಲಿ ಅಂಗಳ ಸುತ್ತುತ್ತಿತ್ತು. "ಇದು ಗಟ್ಟಿ. ಹೇಗೆ ಓಡಾಡ್ತಿದೆ ನೋಡಿ!" ಅಂದ. ಮೂರನೆಯದನ್ನು ಮುಟ್ಟಿದರೂ ಮುದುರಲಿಲ್ಲ. "ಇದು ಆರೋಗ್ಯವಾಗಿದೆ, ಒಳ್ಳೇ ಸಾಧು ಕೂಡ" ಅಂದ.

ಬೀರಮ್ಮ ಮೊದಲನೆಯದರ ಹತ್ತಿರ ನಾಲ್ಕು ಗೆದ್ದಲು ಇಟ್ಟಳು. ಎಲ್ಲರೂ ಬಗ್ಗಿ ನೋಡಿದರು. ಉಂಡೆ ಬಿಚ್ಚಿತು. ಚೂಪು ಮೂತಿ ಹೊರಬಂತು, ಚಪ್ಪರಿಸಿತು. ರಾಜ ಮುಟ್ಟಹೋದ, ಮತ್ತೆ ಉಂಡೆಯಾಗಿ ಬೆರಳಿಗೆ ಚುಚ್ಚಿತು. "ಗಟ್ಟಿಯಾಗಿ ಮುದುರೋದೇ ಆರೋಗ್ಯ ಬುದ್ಧಿ. ಇವತ್ತು ರಾತ್ರಿ ಇದನ್ನ ಬೇಲಿಗೆ ಬಿಡೋದೇ" ಅಂದಳು. ಎರಡನೆಯದನ್ನು ಎತ್ತಿ ಮುಳ್ಳು ಬಿಡಿಸಿ ತೋರಿಸಿದಳು, ಒಳಗೆಲ್ಲ ಉಣ್ಣೆಹುಳ. "ಹಗಲು ಹೊತ್ತು ಮಲಗೋ ಜೀವ ಇದು. ಬಿಸಿಲಲ್ಲಿ ತಿರುಗ್ತಿದೆ ಅಂದ್ರೆ ತಡೀಲಾರದ ಸಂಕಟ." ಮೂರನೆಯದನ್ನು ರಾಜನ ಅಂಗೈಗೇ ಇಟ್ಟಳು. ಹೊಟ್ಟೆ ತಣ್ಣಗಿತ್ತು. "ಮುದುರೋಕೂ ಶಕ್ತಿ ಇಲ್ಲ. ಇವತ್ತೇ ತಂದಿದ್ದು. ಉಳಿಯುತ್ತೋ ಇಲ್ಲವೋ" ಅನ್ನುತ್ತಾ ಅದನ್ನು ಮತ್ತೆ ಬೆಚ್ಚಗಿನ ಮಡಕೆಗೆ ಇಳಿಸಿದಳು.

ರಾಜ ಪಂಡಿತನ ಕಡೆ ತಿರುಗಿದ. "ಅಂಗೈಯಷ್ಟು ಪ್ರಾಣಿಯ ಕಾಯಿಲೆ ನಿನಗೆ ಕಾಣಲಿಲ್ಲ. ಇನ್ನು ನನ್ನ ಮಗುವಿನದು ಕಂಡಿತ್ತಾ?"

"ನೀನೇ ಔಷಧಿ ಹೇಳಮ್ಮ" ಅಂದ ರಾಜ.

"ನಂಗೊತ್ತಿಲ್ಲ ಬುದ್ಧಿ. ಗೊತ್ತಿರೋರ್ನ ಕರೆಸಿ. ಬಂದೋರು ಮೊದ್ಲು ಮಗೂನ ನೋಡ್ಲಿ."

ರಾಜ ನೆರೆಯೂರಿನ ಸೂಲಗಿತ್ತಿ ಮಾಳಜ್ಜಿಯನ್ನು ಕರೆಸಿದ. ಅಜ್ಜಿ ಏನೂ ಕೊಡದೆ ಮಗುವಿನ ಪಕ್ಕ ಒಂದು ದಿನ ಪೂರ್ತಿ ಕೂತಳು. ಧೂಪ ಹಾಕಿದಾಗೆಲ್ಲ ಕೆಮ್ಮು ಏರುವುದನ್ನು ನೋಡಿದಳು. ಎದ್ದು ಧೂಪದ ಕುಂಡ ಹೊರಗಿಟ್ಟು ಕಿಟಕಿ ತೆಗೆದಳು. ಕೆಲವು ದಿನಕ್ಕೆ ಹೊನ್ನಾಜಿ ಅಂಗಳದಲ್ಲಿ ಓಡಾಡಿದಳು.

ರಾಜ ಎರಡು ಅಪ್ಪಣೆ ಹೊರಡಿಸಿದ. ಇನ್ನು ಯಾರೂ ಬೇಲಿ ಸುಡಕೂಡದು. ಮುರಾರಿ ಪಂಡಿತ ದಿನಾ ಬೆಳಗ್ಗೆ ಬೀರಮ್ಮನ ಮನೆಗೆ ಗೆದ್ದಲು ಅಗೆದು ತರಬೇಕು. ಗೆದ್ದಲು ತಿನ್ನಿಸುವಾಗ ಪಂಡಿತನ ಬೆರಳಿಗೂ ಮುಳ್ಳು ಚುಚ್ಚಿತು, ಅವನು ಊರಿಗೆಲ್ಲ ಕೇಳುವಂತೆ ಬೈದುಕೊಂಡ. ತಿಂಗಳು ಕಳೆಯಿತು. ಒಂದು ಬೆಳಗ್ಗೆ ಅವನ ಶಲ್ಯದೊಳಗೆ ಗೆದ್ದಲಿನ ಬದಲು ಒಂದು ಮುಳ್ಳಿಲಿ ಇತ್ತು. ಬಾಗಿಲಲ್ಲಿ ನಿಂತು ಮೆತ್ತಗೆ ಕೇಳಿದ, "ದಾರೀಲಿ ಸಿಕ್ತಮ್ಮ. ಇದಕ್ಕೇನಾಗಿದೆ? ನಂಗೆ ಗೊತ್ತಾಗ್ತಿಲ್ಲ."

ಬೀರಮ್ಮ ನಕ್ಕು, ಒಲೆಯ ಪಕ್ಕ ಇನ್ನೊಂದು ಮಡಕೆ ಇಟ್ಟಳು.

ತಿಳಿಯಿತೇ ಮಕ್ಕಳೇ? ಗೊತ್ತಿಲ್ಲದ್ದನ್ನು ಗೊತ್ತು ಅಂದವನು ಜೀವ ತೆಗೆಯುತ್ತಾನೆ. ಗೊತ್ತಿಲ್ಲ ಅಂತ ಒಪ್ಪಿ, ಕೂತು ನೋಡಿದವರು ಜೀವ ಉಳಿಸುತ್ತಾರೆ.