ಕರಿಗುಂಡಿನ ಹೊಳಪು

"ಕೇಳಿರಯ್ಯಾ, ಕರಿಗಲ್ಲೂರಿನ ಪ್ರಜೆಗಳೇ! ರಾಜಕುವರಿ ಹೊನ್ನಲೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವರು ಕೇಳಿದ್ದನ್ನು ಅರಮನೆ ಕೊಡುತ್ತದೆ. ತಪ್ಪಿದವರಿಗೆ ಅಮಾವಾಸ್ಯೆಯಂದು ತಲೆದಂಡ!"

ಡಂಗುರ ಕೇಳಿ ಊರು ನಿಟ್ಟುಸಿರಿಟ್ಟಿತು. ಹದಿನೈದು ದಿನದ ಹಿಂದೆ ಹಬ್ಬದ ಗುಂಡಿನಾಟದಲ್ಲಿ ಹೊನ್ನಲೆ ಉರುಳಿಸಿದ ಕಲ್ಲಿನ ಕರಿಗುಂಡು, ಎಣ್ಣೆ ಸವರಿದ ಹಾಸುಗಲ್ಲಿನ ಮೇಲೆ ತಿರುಗಬೇಕಾದಲ್ಲಿ ತಿರುಗದೆ ನೇರ ಜಾರಿತ್ತು. ಅಂಚು ದಾಟಿ, ಮೆಟ್ಟಿಲ ಕೆಳಗೆ ಕೂತಿದ್ದ ಅವಳ ಪುಟ್ಟ ತಮ್ಮನ ಮೇಲೆ ಬಿದ್ದಿತ್ತು. ಆ ಕಂದ ಶಿವನ ಪಾದ ಸೇರಿತು. ರಾಜ ದೇವಭೂಪ ಗುಂಡಿಗೆ ಸಾಣೆ ಹಿಡಿದ ಮುದುಕ ಚೌಡಯ್ಯನನ್ನು ಸೆರೆಗೆ ತಳ್ಳಿ, ಅಮಾವಾಸ್ಯೆಗೆ ತಲೆ ತೆಗೆಯಿರಿ ಎಂದ. ಅಂದಿನಿಂದ ಹೊನ್ನಲೆ ಅನ್ನ ಬಿಟ್ಟಳು, ಮಾತು ಬಿಟ್ಟಳು. ಒಗಟು ಒಡ್ಡುತ್ತೇನೆ ಎಂದಷ್ಟೇ ಬಾಯಿ ತೆರೆದಳು. ತಲೆದಂಡ ಸೇರಿಸಿದ್ದು ಮಾತ್ರ ರಾಜನ ಸಿಟ್ಟು.

ಮೊದಲು ಪಕ್ಕದ ಸೀಮೆಯ ಯುವರಾಜ ಮೀಸೆ ತಿರುವುತ್ತಾ ಬಂದ.

"ಎಣಿಕೆ ಏರಿದಷ್ಟೂ ತಾನು ಸಣ್ಣದಾಗುವುದು ಯಾವುದು?" ಎಂದಳು ಹೊನ್ನಲೆ.

"ಆಯುಷ್ಯ! ವರ್ಷ ಏರಿದಷ್ಟೂ ಉಳಿದದ್ದು ಸಣ್ಣದು."

"ಅಲ್ಲ." ಅವನನ್ನು ಸೆರೆಗೆ ಎಳೆದೊಯ್ದರು.

ಆಸ್ಥಾನದ ಜೋಯಿಸರು, "ಪಂಕ್ತಿಯ ರೊಟ್ಟಿ. ಉಣ್ಣುವವರು ಹೆಚ್ಚಿದಷ್ಟೂ ತುಂಡು ಸಣ್ಣದು" ಎಂದರು. ಅವರೂ ಸೆರೆ ಸೇರಿದರು.

ಅಮಾವಾಸ್ಯೆಗೆ ಒಂದು ದಿನವಿದೆ ಎನ್ನುವಾಗ ಚೌಡಯ್ಯನ ಮಗ ಸಂಕಯ್ಯ ಶಿವಗುಡಿಯ ವಿಭೂತಿ ಇಟ್ಟುಕೊಂಡು ಬಂದ.

"ಏನಲೇ ಸಾಣೆಯವನೇ, ನಿಮ್ಮಪ್ಪನ ಪಕ್ಕ ಜಾಗ ಹಿಡಿಯೋಕೆ ಬಂದ್ಯಾ?" ಎಂದು ಕಾವಲುಗಾರ ಕೆಣಕಿದ.

"ಇಲ್ಲಣ್ಣ, ಜಾಗ ಖಾಲಿ ಮಾಡಿಸೋಕೆ."

ಮೊದಲ ಒಗಟು ಕೇಳಿ ಅವನು ಕೈಮುಗಿದ. "ನಮ್ಮ ಸಾಣೆಪುಡಿ, ತಾಯಿ. ಗಟ್ಟಿಗಲ್ಲು ಕುಟ್ಟಿ ಬಟ್ಟೆಯಲ್ಲಿ ಸೋಸುತ್ತೇವೆ. ಬೆರಳಗಲದಲ್ಲಿ ಇಪ್ಪತ್ತು ಎಳೆ ಇರುವ ಬಟ್ಟೆಯಿಂದ ಇಳಿದದ್ದು ಇಪ್ಪತ್ತರ ಪುಡಿ, ತರಿತರಿ. ಅರವತ್ತು ಎಳೆಯದು ಅರವತ್ತರ ಪುಡಿ, ಹಿಟ್ಟಿನ ಹಾಗೆ. ಎಣಿಕೆ ಏರಿದಷ್ಟೂ ಕಾಳು ಸಣ್ಣ."

ಹೊನ್ನಲೆ ನೆಟ್ಟಗೆ ಕೂತಳು. "ಗಾಯ ಮಾಡಿಯೇ ಗಾಯ ಅಳಿಸುವ ವೈದ್ಯ ಯಾರು?"

"ಅದೇ ಪುಡಿ. ಇಪ್ಪತ್ತರದು ಗುಂಡಿನ ಹಳೆಯ ಕುಳಿ ತೆಗೆದು ತನ್ನ ಗೀರು ಬಿಡುತ್ತದೆ. ಆ ಗೀರನ್ನು ನಲವತ್ತರದು ತನ್ನ ಸಣ್ಣ ಗೀರಿನಿಂದ ಅಳಿಸುತ್ತದೆ, ಅದನ್ನು ಅರವತ್ತರದು. ಅವಸರಪಟ್ಟು ನಡುವಿನದನ್ನು ಬಿಟ್ಟರೆ ಆಳದ ಗೀರು ಹಾಗೇ ಉಳಿಯುತ್ತದೆ."

ಮೂರನೆಯದನ್ನು ಅವಳು ಮೆಲ್ಲಗೆ ಕೇಳಿದಳು. "ಮಂಕಾಗಿದ್ದರೆ ದಾರಿ ಬಲ್ಲದು, ಕನ್ನಡಿಯಾದರೆ ದಾರಿ ಮರೆಯುವುದು. ಯಾವುದು?"

ಸಂಕಯ್ಯ ಅವಳ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ಗುಂಡು, ತಾಯಿ. ಎಣ್ಣೆನೆಲಕ್ಕೆ ಅರವತ್ತರಲ್ಲೇ ನಿಲ್ಲಿಸಬೇಕು. ಸಣ್ಣ ಗೀರುಗಳು ನೆಲ ಹಿಡಿಯುತ್ತವೆ, ಗುಂಡು ಬೇಕಾದಲ್ಲಿ ತಿರುಗುತ್ತದೆ. ಮೇಣ ತಿಕ್ಕಿ ಹೊಳಪು ಕೊಟ್ಟರೆ ಜಾರುತ್ತದೆ. ಅಪ್ಪ ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೊಳಪು ಕೊಟ್ಟವರಲ್ಲ."

"ಹಾಗಾದರೆ ಈ ಸಲ ಯಾಕೆ ಕೊಟ್ಟ?" ರಾಜ ಗುಡುಗಿದ.

ಹೊನ್ನಲೆಯೇ ಎದ್ದಳು.

"ನಾನು ಕೇಳಿದೆ, ಅಪ್ಪಾಜಿ. ಗುಂಡು ಕೊಡಲು ಹೋದಾಗ ಚೌಡಯ್ಯ ಈ ಪುಡಿಗಳನ್ನೆಲ್ಲ ತೋರಿಸಿದ್ದ. ಹಬ್ಬಕ್ಕೆ ಗುಂಡಿನಲ್ಲಿ ಮುಖ ಕಾಣಬೇಕು ಅಂದೆ. ನಿಮ್ಮೆದುರು ಹೇಳಲು ನಾಲಿಗೆ ಏಳಲಿಲ್ಲ. ಬಲ್ಲವರು ಯಾರಾದರೂ ಬಿಡಿಸಿ ಹೇಳಲಿ ಎಂದು ಕಾದೆ."

ರಾಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಸಂಕಯ್ಯನತ್ತ ತಿರುಗಿ, "ಕೇಳಪ್ಪ, ಅರ್ಧ ರಾಜ್ಯವಾದರೂ ಸರಿ" ಎಂದ.

"ನಮ್ಮಪ್ಪ ಬೇಕು, ಬುದ್ಧಿ. ಸೆರೆಯಲ್ಲಿ ಜೊತೆಗಿರುವ ಇಬ್ಬರನ್ನೂ ಬಿಟ್ಟುಬಿಡಿ."

ಬೇಡಿ ಕಳಚಿದ ಚೌಡಯ್ಯ ಸಭೆಗೆ ಬಂದಾಗ ಹೊನ್ನಲೆ ಅವನ ಕಾಲಿಗೆ ಬಿದ್ದಳು. ಮುದುಕ ಅವಳನ್ನು ಎಬ್ಬಿಸಿದ.

"ಏಳವ್ವ. ಜಾರುತ್ತೆ ಅಂತ ನನಗೆ ಗೊತ್ತಿತ್ತು. ಅರಮನೆಗೆ ಆಗೋದಿಲ್ಲ ಅನ್ನೋಕೆ ಹೆದರಿ ಮೇಣ ತಿಕ್ಕಿದೆ. ಈ ಪಾಪದಲ್ಲಿ ನನ್ನ ಪಾಲೂ ಇದೆ."

ರಾಜ ಕೊಡಿಸಿದ ಹೊಲವನ್ನು ಸಂಕಯ್ಯ ಬೇಡವೆನ್ನಲಿಲ್ಲ. ತಂದೆಯ ತೋಳು ಹಿಡಿದು ಮನೆಗೆ ನಡೆಸಿಕೊಂಡು ಹೋದ. ಆ ಸಂಜೆ ಇಬ್ಬರೂ ಆ ಕಂದನ ಹೆಸರಲ್ಲಿ ದೀಪ ಹಚ್ಚಿ, ಊಟ ಮುಟ್ಟದೆ ಕೂತರು. ತಪ್ಪನ್ನು ಒಪ್ಪಿಕೊಂಡವರನ್ನು ಸ್ವಾಮಿ ಕೈಬಿಡನೆಂದು ನಾನು ನಂಬಿದ್ದೇನೆ. ಅವರನ್ನೂ, ಅರಮನೆಯ ಆ ಮಗಳನ್ನೂ ಅವನೇ ಸಂತೈಸಲಿ.