ದ್ಯಾಮಕ್ಕನ ಮಗ್ಗುಲು

ನೆಗ್ಗಿಲಹೊಳೆಯ ಮರಳಿಗೆ ಕಬ್ಬಿಣ ತಾಕಿಸಬಾರದು. ಬೇಸಿಗೆಯಲ್ಲಿ ಹೊಳೆ ಮರಳಿನಡಿ ಇಳಿದಾಗ ಒರತೆಯನ್ನು ಕೈಯಿಂದಲೇ ತೋಡಬೇಕು, ಮೊಣಕೈ ಮುಳುಗುವಷ್ಟೇ ತೋಡಬೇಕು, ಕೊಡ ತುಂಬಿದ ಮೇಲೆ ಮರಳೆಳೆದು ಮುಚ್ಚಬೇಕು. ಹಾರೋಬನಹಟ್ಟಿಯಲ್ಲಿ ಈ ಕಟ್ಟಳೆ ತಿಳಿಯದವರು ಯಾರೂ ಇರಲಿಲ್ಲ; ಮುರಿದವರು ತಿಳಿದೇ ಮುರಿದರು. ಊರಿನ ಮೂಡಲಿಗೆ ಹೊಳೆ ತಿರುಗುವಲ್ಲಿ, ನಾಲ್ಕು ಗಾಡಿ ನಿಲ್ಲಿಸುವಷ್ಟು ಅಗಲದ ಮರಳಿನ ಹಾಸು ಇವತ್ತಿಗೂ ಇದೆ. ಗುಡಿಯಿಲ್ಲ, ಕಲ್ಲಿಲ್ಲ. ಗುಡಿ ಹುಡುಕಿಕೊಂಡು ಬಂದವರು ಸಪ್ಪೆ ಮುಖ ಮಾಡಿಕೊಂಡು ಹೋಗುತ್ತಾರೆ. ಆದರೆ ಚೈತ್ರದ ಬಿಸಿಲಲ್ಲೂ ಅಲ್ಲಿ ಅಂಗೈಯಿಂದ ಮರಳು ಸರಿಸಿದರೆ ನೀರು ಬರುತ್ತದೆ. ಹೊಲದಿಂದ ಬಂದವರು ಸೊಂಟದ ಕುಡುಗೋಲನ್ನು ದಡದಲ್ಲಿಟ್ಟೇ ಕೆಳಗಿಳಿಯುತ್ತಾರೆ. ಆ ಜಾಗಕ್ಕೆ ದ್ಯಾಮಕ್ಕನ ಮಗ್ಗುಲು ಎನ್ನುತ್ತಾರೆ.

ಹಿಂದೆ ಒಮ್ಮೆ, ಎಷ್ಟು ತಲೆಮಾರಿನ ಹಿಂದೆಂದು ಖಚಿತವಾಗಿ ಹೇಳುವವರಿಲ್ಲ, ಮೊಣಕೈ ಆಳಕ್ಕೆ ಬರಿಯ ತೇವವಷ್ಟೇ ಸಿಗುವ ಬೇಸಿಗೆ ಬಂತು. ಮೊದಲು ಹಾರೆ ಇಳಿಸಿದವನು ಕಟ್ಟಳೆ ಕಾಯಬೇಕಾದ ಗೌಡ ಚಿಕ್ಕೀರಪ್ಪನೇ. ಆಳು ಮುಳುಗುವಷ್ಟು ತೋಡಿದಾಗ ನೀರು ಚಿಮ್ಮಿತು. ಮರುದಿನ ಮನೆಗೊಂದು ಹಾರೆ ಬಂತು. ಪಕ್ಕದವನ ಗುಂಡಿ ಒಂದು ಗೇಣು ಹೆಚ್ಚು ಆಳವಾದರೆ ತನ್ನ ನೀರು ಅತ್ತ ಸರಿಯುತ್ತದೆ. ಆದ್ದರಿಂದ ಯಾರೂ ನಿಲ್ಲಿಸಲಿಲ್ಲ. ತೋಡದೆ ಉಳಿದವಳು ಕುಂಬಾರರ ದ್ಯಾಮಕ್ಕ ಒಬ್ಬಳೇ. ಅವಳ ಮಗಳು ಹನ್ನೊಂದು ದಿನದ ಬಾಣಂತಿ. ಮನೆಯಲ್ಲಿ ನೀರಿದ್ದದ್ದು ಒಂದೇ ಕೊಡ.

"ಬಾಣಂತಿ ನಾಲಿಗೆ ಒಣಗಿಸಿ ಕಟ್ಟಳೆ ಕಾಯ್ತೀಯೇನವ್ವಾ? ಹಾರೆ ಇಲ್ದಿದ್ರೆ ನಂದೇ ತಗೊ," ಎಂದು ಚಿಕ್ಕೀರಪ್ಪ ಹಂಗಿಸಿದ.

"ಮರಳಿನಡಿ ಇರೋದು ಜೇಡಿಮಣ್ಣು ಕಣಪ್ಪ ಗೌಡ. ಹೊಳೆಗೆ ಅದೇ ತಳ. ತಳ ತಿವಿದು ನೀರು ಮೊಗೀತೀರಲ್ಲ, ನಿಮಗಿಂತ ನಮ್ಮ ಕತ್ತೆಗೆ ಬುದ್ಧಿ ಜಾಸ್ತಿ," ಎಂದಳು ದ್ಯಾಮಕ್ಕ. ಗಂಡಸರು ನಕ್ಕರು.

ಆರನೆಯ ದಿನ ಮಧ್ಯಾಹ್ನ ಗೌಡನ ಗುಂಡಿಯೊಳಗಿಂದ ಒಂದು ಸದ್ದು ಎದ್ದಿತು. ಬತ್ತಿದ ಕೆಚ್ಚಲನ್ನು ಕರು ಜಗ್ಗಿ ಚೀಪುವಂಥ ಸದ್ದು ಎನ್ನುತ್ತಾರೆ. ಸುತ್ತಲಿನ ಗುಂಡಿಗಳಲ್ಲಿ ನೀರು ಕಣ್ಣೆದುರೇ ಇಳಿಯಿತು. ತಳದ ಜೇಡಿ ಒಂದು ಮೊರದಗಲ ಬಾಯಿಬಿಟ್ಟಿತ್ತು. ಚಿಕ್ಕೀರಪ್ಪನ ಕೈಯಿಂದ ಜಾರಿದ ಹಾರೆ ಆ ತೂತಿನೊಳಗೆ ಹೋಯಿತು. ಎಷ್ಟು ಹೊತ್ತು ಕಿವಿಗೊಟ್ಟರೂ ಅದು ಎಲ್ಲಿಗಾದರೂ ತಾಕಿದ ಶಬ್ದ ಬರಲಿಲ್ಲ. ಕಾಲ ಕೆಳಗೆ ಮರಳು ಅದುರತೊಡಗಿತು. ಹೊಳೆ ಊರು ಬಿಟ್ಟು ಹೋಗ್ತಾ ಐತೆ ಎಂದು ಯಾರೋ ಕೂಗಿದರು. ಆಗಲಾದರೂ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ; ಹೋಗುವ ಮೊದಲು ಇನ್ನೊಂದು ಕೊಡ ಸಿಗಲೆಂದು ಹೆದರಿದ ಕೈಗಳು ಇನ್ನಷ್ಟು ಬಿರುಸಾಗಿ ತೋಡಿದವು.

ದ್ಯಾಮಕ್ಕ ಮನೆಗೆ ಓಡಿ, ಉಳಿದಿದ್ದ ಒಂದು ಕೊಡ ನೀರನ್ನು ಒಣ ಜೇಡಿಯ ಮೇಲೆ ಸುರಿದು ತುಳಿಯತೊಡಗಿದಳು.

"ಅವ್ವಾ, ಕೂಸಿಗೆ..." ಎಂದಳು ಮಗಳು.

"ಹೊಳೆ ಉಳಿದ್ರೆ ಕುಡೀತದೆ, ತಡಿ."

ಜೇಡಿಯ ಮುದ್ದೆ ಹೊತ್ತು ಬಂದವಳು ಗೌಡನ ಗುಂಡಿಗೇ ಇಳಿದಳು. ತೂತಿಗೆ ಮೆತ್ತಿದಳು, ಸೆಳೆತ ಅದನ್ನು ಒಳಕ್ಕೆ ಜಗ್ಗಿತು, ಮತ್ತೆ ಮೆತ್ತಿದಳು. ಅಂಚು ಕುಸಿದು ಮರಳು ಅವಳ ಮೊಣಕಾಲಿಗೆ ಬಂತು. ಚಿಕ್ಕೀರಪ್ಪ ಗುಂಡಿಯ ಅಂಚಿನಲ್ಲಿ ಬೋರಲು ಬಿದ್ದು ಕೈ ಚಾಚಿದ. "ಬಾರವ್ವಾ, ದಮ್ಮಯ್ಯ, ಕೈ ಕೊಡು!"

"ನಾನು ಎದ್ರೆ ಜೇಡಿ ಒಳಕ್ಕೆ ಹೋಗ್ತದೆ. ಅದಕ್ಕೆ ಅಡ್ಡ ಬೇಕು. ಹಾರೆ ಬಿಸಾಕಿ ಮರಳು ಎಳೀರೋ, ಕೈಯಲ್ಲಿ," ಎಂದಳು ದ್ಯಾಮಕ್ಕ. ಅವನ ಕೈ ಹಿಡಿಯಲಿಲ್ಲ. ಸೆರಗನ್ನು ಮುಖಕ್ಕೆ ಎಳೆದುಕೊಂಡು ಹಸಿ ಜೇಡಿಯ ಮೇಲೆ ಮಗ್ಗುಲಾಗಿ ಮಲಗಿದಳು. ಮೇಲಿದ್ದವರು ಹಾರೆ ಬಿಸಾಕಿ, ಕೈಯಿಂದಲೇ ಮರಳೆಳೆದು ಅವಳ ಮೇಲೆ ಮುಚ್ಚಿದರು; ಆ ಚೀಪುವ ಸದ್ದು ನಿಂತಿತು.