ತಿಪ್ಪರಸನ ಮೇನೆ

ಬಿಳಿಗಲ್ಲೂರಿನಿಂದ ಎರಡು ಮೈಲಿ ದೂರದ ಬೋಳುಗುಡ್ಡದ ಮೇಲೆ ಈಗ ಒಂಬತ್ತು ಗಾಳಿಯಂತ್ರಗಳಿವೆ. ಅವುಗಳ ನಡುವೆ ಮುಚ್ಚಿದ ಮೇನೆಯಂತೆ ಕಾಣುವ ಒಂದು ಬಂಡೆಯಿದೆ. ಅದರ ಬದಿಯಿಂದ ಚಾಚಿಕೊಂಡ ಕಲ್ಲನ್ನು ಊರವರು ಕೈ ಎನ್ನುತ್ತಾರೆ. ಕಲ್ಲು ಹಾಗೆ ಒಡೆಯುವುದು ಅಪರೂಪವೇನಲ್ಲ. ಆದರೆ ಊರವರಿಗೆ ಬೇರೆ ಕಾರಣ ಗೊತ್ತಿದೆ.

ಹಿಂದೆ ಒಮ್ಮೆ ದಳವಾಯಿ ಓಬಳನಾಯಕ ಬಿಳಿಗಲ್ಲೂರಿನ ಕೋಟೆಯನ್ನು ಎರಡು ತಿಂಗಳು ಮುತ್ತಿದ್ದನಂತೆ. ಒಳಗೆ ಬಾವಿ ಬತ್ತಿತ್ತು. ಕೋಟೆಯ ಪಾಳೆಯಗಾರ ಸಂಧಿ ಕೇಳಿ ಮೂರು ಸಲ ಓಲೆ ಕಳಿಸಿದ; ಅವನ ಮಾತಿಗೆ ಬೆಲೆಯಿಲ್ಲವೆಂದು ಓಬಳನಾಯಕ ಮೂರನ್ನೂ ಹರಿದು ಹಾಕಿದ. "ನಿಮ್ಮ ರಾಯಭಾರಿ ತಿಪ್ಪರಸ ಬಂದು ನನ್ನ ಕೈಯಿಂದ ವೀಳ್ಯ ಹಿಡಿಯಲಿ. ಹಿಡಿದರೆ ಕೋಟೆ ನನಗೆ, ಜನದ ಜೀವ ನಿಮಗೆ. ಸಂಜೆಯೊಳಗೆ ಬರದಿದ್ದರೆ ಬಾಗಿಲಿಗೆ ಬೆಂಕಿ" ಎಂದು ಹೇಳಿ ಕಳಿಸಿದ. ತಿಪ್ಪರಸ ವೀಳ್ಯ ಹಿಡಿದು ಮಾತು ತಪ್ಪಿದ್ದನ್ನು ಕಂಡವರಿರಲಿಲ್ಲ. ಆತ ಮಾತನಾಡಿದ್ದನ್ನು ಕಂಡವರೂ ಕಡಿಮೆ. ಆಗ ಅವನಿಗೆ ವಿಷಮಜ್ವರ. ಆದರೂ ಮೇನೆ ಹೊರಟಿತು. ಗುಡ್ಡ ಏರುವಾಗ, ಮೇನೆ ಹೊರುವ ಬೋಯಿಗಳ ಮುಖಂಡ ಗಾದಿಲಿಂಗ ನೀರು ಕುಡಿಸಲೆಂದು ಪರದೆ ಸರಿಸಿ ನೋಡಿದರೆ ಒಡೆಯ ಸತ್ತಿದ್ದ. ಗಾದಿಲಿಂಗನ ಹೆಂಡತಿ, ಎರಡು ಎಳೆಮಕ್ಕಳು ಕೋಟೆಯೊಳಗಿದ್ದರು. ಅವನು ಪರದೆ ಇಳಿಬಿಟ್ಟು, ಹೆಣದ ಬಲಗೈಯನ್ನಷ್ಟೇ ಹೊರಗೆ ಚಾಚಿಸಿ, "ನಡೀರಿ" ಎಂದ.

ಗುಡ್ಡದ ನೆತ್ತಿಯಲ್ಲಿ ಓಬಳನಾಯಕ ಕಾಯುತ್ತಿದ್ದ. ಹಿಂದೆ ಅವನ ದಂಡೆಲ್ಲ ನಿಂತಿತ್ತು.

"ಏನೋ, ನಿಮ್ಮೊಡೆಯರು ಕೆಳಗಿಳಿಯೋದಿಲ್ಲವೋ?"

"ಜ್ವರ, ಬುದ್ಧಿ."

"ಮಾತೂ ಇಲ್ಲವೋ?"

"ಅವರು ಮಾತಾಡಿದ್ದು ಯಾವಾಗ, ಬುದ್ಧಿ?"

ದಳವಾಯಿ ನಕ್ಕು ವೀಳ್ಯ ತೆಗೆದು ಆ ಅಂಗೈಯ ಮೇಲಿಟ್ಟ. ಬೆರಳು ತಗುಲಿತು, ನಗು ನಿಂತಿತು. ಕೈಯ ಮೇಲೆ ನೊಣಗಳು ಕೂತಿದ್ದವು. ಗಾದಿಲಿಂಗ ಕಣ್ಣು ಮುಚ್ಚಿಕೊಂಡ. ಓಬಳನಾಯಕ ಬಗ್ಗಿ, ಅವನೊಬ್ಬನಿಗೇ ಕೇಳುವಂತೆ, "ಬದುಕಿದ್ದಾಗಲೇ ಮಾತು ತಪ್ಪದವನು. ಇನ್ನು ತಪ್ಪೋದು ಹೇಗೆ?" ಎಂದ. ಅಷ್ಟರಲ್ಲಿ ಬಿಚ್ಚಿದ್ದ ಐದು ಬೆರಳೂ ವೀಳ್ಯದ ಮೇಲೆ ಮೆಲ್ಲಗೆ ಮಡಚಿಕೊಂಡವಂತೆ. ದಳವಾಯಿ ಎರಡು ಹೆಜ್ಜೆ ಹಿಂದೆ ಸರಿದ. ಹೆಣ ಸೆಟೆದುಕೊಳ್ಳುವುದು ಸಹಜವೆಂದು ವೈದ್ಯರು ಹೇಳುತ್ತಾರೆ. ಅದಕ್ಕೆ ವೀಳ್ಯವೇ ಬರಬೇಕಿತ್ತೇ ಎಂದು ಊರವರು ಕೇಳುತ್ತಾರೆ.

ಕೋಟೆಯ ಬಾಗಿಲು ತೆರೆಯಿತು. ಜನ ಸಾಲಾಗಿ ಗುಡ್ಡ ಹತ್ತಿ, ಆ ಕೈಯ ಮುಂದೆ ಹಾದು, ಆಚೆ ಇಳಿದರು. ದಂಡಿನವರು ಯಾರೂ ಅಲುಗಲಿಲ್ಲ; ಆ ಕೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಗಾದಿಲಿಂಗನ ಹೆಂಡತಿ ಎರಡು ಕಂಕುಳಲ್ಲಿ ಎರಡು ಕೂಸು ಹೊತ್ತು ಎಲ್ಲರಿಗಿಂತ ಕೊನೆಗೆ ಬಂದಳು. ಅವಳು ದಾಟಿದ ಮೇಲೆ ಬೆರಳು ಬಿಚ್ಚಿ ವೀಳ್ಯ ನೆಲಕ್ಕೆ ಬಿತ್ತು. ಆಮೇಲೆ ಹನ್ನೆರಡು ಜನ ಹೆಗಲು ಕೊಟ್ಟರೂ ಮೇನೆ ಮೇಲೇಳಲಿಲ್ಲ ಎನ್ನುತ್ತಾರೆ.

ಸುತ್ತಲ ಹಳ್ಳಿಯವರು ಇಂದಿಗೂ ಹೊಲದ ಗಡಿಗೋ ಮದುವೆಗೋ ಮಾತು ಕೊಡುವಾಗ ಆ ಕಲ್ಲುಗೈಯ ಮೇಲೆ ಎಲೆ ಇಡುತ್ತಾರೆ. ಕೊಟ್ಟ ಮಾತು ನಡೆಸಿದ ದಿನ ಅದು ತಾನಾಗಿ ಬೀಳುತ್ತದಂತೆ. ಅಲ್ಲಿಯವರೆಗೆ ಯಾವ ಗಾಳಿಗೂ ಕದಲುವುದಿಲ್ಲವಂತೆ. ಹೋದ ವಾರ ಅಲ್ಲಿ ನಲವತ್ತಕ್ಕೂ ಹೆಚ್ಚು ಎಲೆಗಳಿದ್ದವು, ಬಹುಪಾಲು ಒಣಗಿ ಕಪ್ಪಾಗಿದ್ದವು. ಒಂದೂ ಅಲುಗುತ್ತಿರಲಿಲ್ಲ. ಒಂಬತ್ತು ಯಂತ್ರಗಳೂ ಭರದಿಂದ ತಿರುಗುತ್ತಿದ್ದವು.